ಎರಿ ಮಣ್ಣಾಗ ಪಾಯಾ ಎಷ್ಟು ಆಳ ತಗೀಬೇಕ್ರಿ? ಲೇಬರ್ ಕಾಂಟ್ರಾಕ್ಟ್ ಛಲೋನೋ, ಫುಲ್ ಕಾಂಟ್ರಾಕ್ಟ್ ಛಲೋನೋ?

ಗದಗಿನಾಂವ:

ನಮಸ್ಕಾರ್ರೀ ಎಲ್ಲಾರಿಗೂ. ಗದಗ ಊರ ಹೊರಗ 30 ಬೈ 40 ಪ್ಲಾಟ್ ತಗೊಂಡು ಮೂರು ವರ್ಷಾತ್ರಿ, ಬೆಂಗ್ಳೂರ ಕಡೆ ಮಂದಿ ಸೈಟ್ ಅಂತೀರಲ್ಲ ಅದು. ಎನ್‌ಎ (ಹೊಲದ ಜಾಗಾ ಮನಿಗೆ ಬದಲಿ) ಆಗೈತಿ, ಖಾತಾ ನನ್ನ ಹೆಸರಿಗೆ ಐತಿ, ಪರ್ಮಿಶನ್ನಿಗೆ ಹಾಕೇನಿ, ಬ್ಯಾಂಕಿನಾಗ ಲೋನಿಗೆ ಓಡ್ಯಾಡಾಕತ್ತೇನಿ. ಸದ್ಯ ಕೆಳಗ ಎರಡು ಬೆಡ್‌ರೂಮಿನ ಮನಿ, ಸುಮಾರು 900 ಸ್ಕ್ವೇರ್ ಫೂಟ್, ಮುಂದ ದೇವ್ರು ಕೊಟ್ರ ಮ್ಯಾಲೊಂದು.

ತ್ರಾಸ ಏನಪಾ ಅಂದ್ರ ಈ ಲೇಔಟ್ ಮೊದಲ ಕಡ್ಲಿ ಹೊಲ. ಪಕ್ಕಾ ಎರಿ, ಅಂದ್ರ ಕರೀ ಮಣ್ಣು. ಬ್ಯಾಸಗ್ಯಾಗ ನೆಲಾ ಬಿರುಕು ಬಿಟ್ಟಿದ್ದು ಹೆಂಗ ಅಂದ್ರ ನನ್ನ ಕೈ ಮೊಣಕೈ ತನಕ ಒಳಗ ಹೋಗತೈತಿ, ನನ್ನ ಮಗ ಅದರಾಗ ಎರಡು ಚೆಂಡು ಕಳದಾನ. ಬಾಜೂ ಪ್ಲಾಟಿನವ್ರು ನಾಕು ವರ್ಷದ ಹಿಂದ ಕಟ್ಟಸ್ಯಾರ, ಛಂದ ಮನಿ, ಆದ್ರ ಕಿಡಕಿ ಮೂಲಿಯಿಂದ ಓರೆ ಬಿರುಕು ಬಿಟ್ಟಾವ, ಮಳಿಗಾಲದಾಗ ಬಚ್ಚಲ ಬಾಗಲಾ ಹಾಕಾಕ ಬರಂಗಿಲ್ಲ, ಬ್ಯಾಸಗ್ಯಾಗ ಅದ ಬಾಗಲಾ ತಾನ ತಗೀತೈತಿ. ಅದನ್ನ ನೋಡಿ ನನ್ನ ಹೆಂಡತಿ ಈ ಪ್ಲಾಟ್ ಮಾರೂಣು ಅಂತ ಕುಂತಾಳ.

ಮೂರು ಮಂದೀನ್ನ ಕೇಳ್ದೆ, ಮೂರು ನಮೂನಿ ಹೇಳಿದ್ರು. ಗೌಂಡಿ ಅಂತಾನ ನಾಕು ಫೂಟ್ ಕರೀ ಕಲ್ಲಿನ ಪಾಯಾ ಸಾಕು, ನಾ ಇಪ್ಪತ್ತು ವರ್ಷದಿಂದ ಇದನ್ನ ಮಾಡಾಕತ್ತೇನಿ, ಒಂದೂ ಬಿದ್ದಿಲ್ಲ. ಕಾಂಟ್ರಾಕ್ಟರ್ ಅಂತಾನ ಐದು ಫೂಟಿಗೆ ಕಾಲಂ ಹಾಕೂಣು, ಎಲ್ಲಾ ಸೇರಿ ಸ್ಕ್ವೇರ್ ಫೂಟಿಗೆ 1900 ಕೊಡ್ರಿ, ಕೀಲಿಕೈ ಕೈಯಾಗ ಕೊಡ್ತೀನಿ. ನಮ್ಮ ಮಾವಾರು ಅಂತಾರ ಪೈಲ್ (ನೆಲದಾಗ ಆಳಕ್ಕ ಇಳಸೂ ಕಾಂಕ್ರೀಟ್ ಕಂಬ) ಹಾಕದಿದ್ರ ಹಾಳಾಗ್ತಿ. ಗೌಂಡಿ ಬರೇ ಲೇಬರಿಗೆ 380 ಕೇಳ್ಯಾನ, ಸಾಮಾನು ನಾನ ತರಬೇಕು. ನಾ ಬಸ್ ಕಂಡಕ್ಟರ್, ಒಂದಿನ ಬಿಟ್ಟು ಒಂದಿನ ನೈಟ್ ಔಟ್, ದಿನಾ ನಿಂತು ನೋಡಾಕ ಆಗಂಗಿಲ್ಲ. ಯಾರ ಮಾತು ಕೇಳ್ಲಿ? ಗೊತ್ತಿದ್ದವ್ರು ಹೇಳ್ರಿ.

ಹಳೇ ಜೆಇ (ಧಾರವಾಡ):

ತಮ್ಮಾ, ಮೂರೂ ಮಂದಿ ಆಳ ಹೇಳ್ಯಾರ, ಒಬ್ಬಾಂವನೂ ನಿನ್ನ ಪ್ಲಾಟ್ ತೋಡಿ ನೋಡಿಲ್ಲ. ಎರಿ ಎಷ್ಟು ದಪ್ಪ ಐತಿ ಅನ್ನೂದು ಗೊತ್ತಾಗದ ನಾಕಂದ್ರೇನು ಐದಂದ್ರೇನು.

ಮೊದಲ ಜೆಸಿಬಿ ಒಂದು ತಾಸು ತರಿಸು. ಪ್ಲಾಟಿನ ಎದುರು ಬದುರು ಎರಡು ಮೂಲಿಗೆ, ಕಾಲಂ ಬರೂ ಜಾಗಾ ಬಿಟ್ಟು, ಗುಂಡಿ ತಗಸು. ಎರಿ ಮುಗದು ಗರಸು, ಅಂದ್ರ ಗಟ್ಟಿ ಕಲ್ಲುಮಣ್ಣು, ಎಲ್ಲಿ ಹತ್ತತೈತಿ ಅಂತ ಟೇಪ್ ಇಳಿಬಿಟ್ಟು ಅಳಿ. ಗುಂಡ್ಯಾಗ ಮಾತ್ರ ಯಾರನ್ನೂ ಇಳಸಬ್ಯಾಡ, ಮಕ್ಕಳನ್ನ ದಂಡಿಗೂ ಬಿಡಬ್ಯಾಡ, ಎರಿ ಗ್ವಾಡಿ ಯಾವಾಗ ಕುಸೀತೈತಿ ಹೇಳಾಕ ಬರಂಗಿಲ್ಲ. ಕೆಳಗಿನ ಮಣ್ಣು ಬಕೆಟ್ಟಿನಾಗ ಮ್ಯಾಲ ಬಂದಿದ್ದನ್ನ ಚೀಲದಾಗ ಹಾಕಿ ಲ್ಯಾಬಿಗೆ ಕೊಡು, ಇಂಜಿನಿಯರಿಂಗ್ ಕಾಲೇಜಿನವ್ರೂ ಮಾಡ್ತಾರ. ಅಲ್ಲಿ ಒಂದು ಸಾದಾ ಟೆಸ್ಟ್ ಐತಿ, ಹತ್ತು ಹತ್ತು ಗ್ರಾಂ ಮಣ್ಣು ಎರಡು ಗಾಜಿನ ಕೊಳವಿಗೆ ಹಾಕಿ ಒಂದಕ್ಕ ನೀರು ಒಂದಕ್ಕ ಸೀಮಿಎಣ್ಣಿ ತುಂಬಿ ಒಂದು ದಿನ ಬಿಡೂದು. ಸೀಮಿಎಣ್ಣ್ಯಾಗ ಮಣ್ಣು ಉಬ್ಬಂಗಿಲ್ಲ, ನೀರಾಗ ಉಬ್ಬತೈತಿ, ಎರಡರ ನಡುವಿನ ಫರಕ್ ನೂರಕ್ಕ ಐವತ್ತು ದಾಟ್ತಂದ್ರ ಆ ಮಣ್ಣಿನ ಮ್ಯಾಲ ನೇರ ಪಾಯಾ ಹಾಕೂ ವಿಚಾರ ಬಿಡು.

ನಿಮ್ಮ ಬಾಜೂ ಮನಿ ಬಾಗಲಾ ಯಾಕ ಹಂಗಾಡತೈತಿ ಅಂದ್ರ, ಮನಿ ಕಟ್ಟಿದ ಮ್ಯಾಲ ನಡುಮನಿ ಕೆಳಗಿನ ಎರಿಗೆ ಬಿಸಲೂ ಇಲ್ಲ ಮಳೀನೂ ಇಲ್ಲ, ಅದು ತಂಪಾಗಿ ಒಂದ ನಮೂನಿ ಇರತೈತಿ. ದಂಡೀದು ಹಂಗಲ್ಲ. ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಕುಗ್ಗತೈತಿ. ಬಿಸಲಿಗೆ ಹಾಕಿದ ಹಪ್ಪಳ ಅಂಚು ಎತ್ತತೈತಲ್ಲ, ಮನಿ ನಾಕೂ ಮೂಲಿ ವರ್ಷಕ್ಕೊಮ್ಮಿ ಹಂಗ ಏರಿ ಇಳೀತಾವ. ಗ್ವಾಡಿಗೆ ಬಲ ಕಮ್ಮಿ ಇರೂದು ಕಿಡಕಿ ಮೂಲ್ಯಾಗ, ಅಲ್ಲೇ ಓರೆ ಒಡೀತೈತಿ. ನಾಕು ಫೂಟ್ ಅಂದ್ರ ಈ ಕುಣಿಯೂ ಮಣ್ಣಿನ ನಟ್ಟನಡುವ ಕುಂತಂಗ. ನಮ್ಮ ದೇಶದ ಕರೀ ಮಣ್ಣಾಗ ಸುಮಾರು ಮೂರೂವರಿ ಮೀಟರ್, ಅಂದ್ರ ಹನ್ನೊಂದೂವರಿ ಫೂಟ್ ತನಕ ಈ ತೇವದ ಏರಿಳಿತ ಹಿಡೀತಾರ.

ಹಂಗಂತ ಎಲ್ಲಾರೂ ಪೈಲ್ ಹಾಕಬೇಕಂತಿಲ್ಲ, ನಿಮ್ಮ ಮಾವಾರು ಸ್ವಲ್ಪ ಅಂಜಸ್ಯಾರ. ಗರಸು ಆರೇಳು ಫೂಟಿಗೆ ಹತ್ತಿದ್ರ ಎರಿ ಪೂರಾ ತಗದು, ಗರಸಿನಾಗ ಒಂದು ಫೂಟ್ ಇಳದು ಅದರ ಮ್ಯಾಲ ಕಾಲಂ ಫುಟಿಂಗ್ (ಕಾಲಮ್ಮಿನ ಅಗಲ ತಳಾ) ಹಾಕು. ಗಟ್ಟಿ ಗರಸು ಎರಿ ಹಂಗ ಉಬ್ಬಂಗಿಲ್ಲ. ಹತ್ತು ಫೂಟಿಗಿಂತ ಕೆಳಗ ಹೋತಂದ್ರ ಆವಾಗ ಅಂಡರ್ ರೀಮ್ಡ್ ಪೈಲ್ ವಿಚಾರ ಮಾಡು. ರೂರ್ಕಿ ಸಿಬಿಆರ್‌ಐ, ಅಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವ್ರು, ಈ ಕರೀ ಮಣ್ಣಿಗಂತನ ಬೆಳಸಿದ ಪದ್ಧತಿ ಅದು, ಸಣ್ಣ ಕೊಳವಿ ಹಂಗ ತೋಡಿ ತಳದಾಗ ಉಳ್ಳಾಗಡ್ಡಿ ಗಡ್ಡಿ ಹಂಗ ಅಗಲ ಮಾಡ್ತಾರ, ಕೊಳವಿ ಅಗಲದ ಎರಡೂವರಿ ಪಟ್ಟು. ಮ್ಯಾಲಿನ ಮಣ್ಣು ಮನೀನ್ನ ಎತ್ತಾಕ ಹೋದ್ರ ಆ ಗಡ್ಡಿ ಹಿಡಕೊಂಡು ನಿಲ್ಲತೈತಿ. ಎರಡಕ್ಕೂ ಖರ್ಚು ಬರಸಿ ನೋಡು, ಒಮ್ಮೊಮ್ಮೆ ಎಂಟೊಂಬತ್ತು ಫೂಟ್ ತೋಡಿ ತುಂಬೂ ಖರ್ಚಿಗೆ ಪೈಲ್ ಸಮಾ ಬೀಳತೈತಿ.

ಇನ್ನೊಂದು, ಇದನ್ನ ಗೌಂಡಿಗೆ ಹೇಳಿದ್ರ ನಗತಾನ, ನಗಲಿ. ಪ್ಲಿಂತ್ ಬೀಮ್, ಅಂದ್ರ ನೆಲದ ಮಟ್ಟಕ್ಕ ಕಾಲಂಗಳನ್ನ ಕೂಡಸೂ ತೊಲಿ, ಎರಿ ಮ್ಯಾಲ ಕುಂದರಬಾರದು. ಬೀಮಿಗೂ ನೆಲಕ್ಕೂ ಮೂರು ಇಂಚಿಗಿಂತ ಸ್ವಲ್ಪ ಹೆಚ್ಚ ಸಂದು ಇರಬೇಕು. ಕಾಲಂ ಗಟ್ಟಿ ಹಾಕಿ ಬೀಮ್ ಮಣ್ಣಿಗೆ ತಾಗಿಸಿ ಹಾಕಿದ ಮನಿ ಒಡದದ್ದು ನಾ ಎಷ್ಟೋ ನೋಡೇನಿ, ಕೆಳಗಿಂದ ಮಣ್ಣು ಉಬ್ಬಿ ಬೀಮ್ ಎತ್ತಿರತೈತಿ. ತಗದ ಎರೀನ್ನ ಮತ್ತ ಮನಿ ಒಳಗ ತುಂಬಬ್ಯಾಡ, ಮಣ್ಣು ಪುಕ್ಕಟೆ ಐತಲ್ಲ ಅಂತ ಎಲ್ಲಾರೂ ಇದ ತಪ್ಪು ಮಾಡ್ತಾರ. ಹೊರಗಿಂದ ಗರಸು ಹೊಡಸು, ಅರ್ಧ ಅರ್ಧ ಫೂಟ್ ಪದರ ಹಾಕಿ ನೀರು ಹೊಡದು ದಮ್ಮಸು ಮಾಡಸು.

ಉಗಾದಿ ಆದ ಮ್ಯಾಲ ಶುರು ಮಾಡಿ ಮುಂಗಾರು ಹಿಡಿಯೂದ್ರಾಗ ಪ್ಲಿಂತ್ ಮುಗಸು. ತೋಡಿದ ಗುಂಡ್ಯಾಗ ಮಳಿ ನೀರು ನಿಂತ್ರ ತಳದ ಮಣ್ಣು ರಾಡಿ ಆಗತೈತಿ, ಅದನ್ನ ಕೆರದು ತಗೀದ ಕಾಂಕ್ರೀಟ್ ಹಾಕಬಾರದು.

ಗೌಡ್ರ ಮೊಮ್ಮಗ:

ಇಂಜಿನಿಯರ್ ಸಾಹೇಬ್ರ ಮಾತು ಕೇಳಿದ್ರ ಅರ್ಧ ಲೋನ್ ಮಣ್ಣಿನಾಗ ಹೋಗತೈತಿ ನೋಡ್ರಿ. ನಮ್ಮ ಮುತ್ಯಾನ ಮಾಳಿಗಿ ಮನಿಗೆ ಎರಡು ಫೂಟ್ ಪಾಯಾನೂ ಇಲ್ಲ, ಬರೇ ಮಣ್ಣು ಕಲ್ಲು, ಎಂಬತ್ತು ವರ್ಷಾತು, ಇನ್ನೂ ಗುಂಡುಕಲ್ಲಿನಂಗ ನಿಂತೈತಿ. ಆವಾಗ ಯಾವ ಲ್ಯಾಬ್ ಇತ್ರಿ?

ಹಳೇ ಜೆಇ (ಧಾರವಾಡ):

ಗೌಡ್ರ, ಮುತ್ಯಾ ಶಾಣ್ಯಾ ಇದ್ದ, ಅದಕ್ಕ ನಿಂತೈತಿ. ನಿಮ್ಮ ಊರು ಎಲ್ಲೈತಿ ನೋಡ್ರಿ, ದಿನ್ನಿ ಮ್ಯಾಲ ಗರಸು ಜಾಗಾದಾಗ. ನಮ್ಮ ಹಿರೇರು ಎರೀನ್ನ ಜ್ವಾಳ ಕಡ್ಲಿ ಬಿತ್ತಾಕ ಬಿಟ್ಟು ಮನಿ ಗಟ್ಟಿ ನೆಲದ ಮ್ಯಾಲ ಕಟ್ಟಕೊಂಡ್ರು. ನಾವು ಹೊಲಕ್ಕ ಎನ್‌ಎ ಮಾಡಿಸಿ ಪ್ಲಾಟ್ ಹೊಡದು ಅಲ್ಲೇ ಆರ್‌ಸಿಸಿ ಮನಿ ಕಟ್ಟಾಕತ್ತೇವಿ. ಅಷ್ಟ ಅಲ್ಲ, ಮಣ್ಣಿನ ಗ್ವಾಡಿ ಒಂದೀಟು ಆಕಡೆ ಈಕಡೆ ಆದ್ರ ತಡಕೋತೈತಿ, ಬಿರುಕು ಬಿಟ್ರ ಮುಂದಿನ ಹಬ್ಬಕ್ಕ ಅಜ್ಜಿ ಸಗಣಿ ಮಣ್ಣು ಮೆತ್ತಿ ಸಾರಿಸ್ತಿದ್ಲು, ಯಾರೂ ಲೆಕ್ಕ ಇಡ್ತಿರಲಿಲ್ಲ. ಸಿಮೆಂಟಿಗೆ ಆ ಬಾಗೂ ಗುಣಾ ಇಲ್ಲ.

ಕಲ್ಪತರು ನಾಡಿನವಳು:

ನಾವು ತುಮಕೂರು ಕಡೆ, ನಮ್ದು ಕೆಂಪು ಮಣ್ಣು, ಆದ್ದರಿಂದ ಪಾಯದ ವಿಷ್ಯ ನಾನು ಮಾತಾಡಲ್ಲ. ಕಾಂಟ್ರಾಕ್ಟ್ ವಿಷ್ಯ ಮಾತ್ರ ಹೇಳ್ತೀನಿ ಯಾಕಂದ್ರೆ ಅದ್ರಲ್ಲಿ ಚೆನ್ನಾಗಿ ಏಟು ತಿಂದಿದೀನಿ.

ಅಣ್ಣ, 1900ಕ್ಕೆ "ಎಲ್ಲಾ ಸೇರಿ" ಅಂದ್ರೆ ಏನೇನು ಸೇರಿ ಅಂತ ಕೇಳಿದ್ರಾ? ಸಂಪ್ ಸೇರಿದ್ಯಾ, ಸೆಪ್ಟಿಕ್ ಟ್ಯಾಂಕ್ ಸೇರಿದ್ಯಾ, ಕಾಂಪೌಂಡು, ಗೇಟು, ಮೇಲಿನ ನೀರಿನ ಟ್ಯಾಂಕು, ಕರೆಂಟ್ ಮೀಟರು? ಸಾಮಾನ್ಯವಾಗಿ ಇದು ಯಾವುದೂ ಇರಲ್ಲ. ಇನ್ನೊಂದು ಕಡೆ ಅಳತೆಯಲ್ಲಿ ಸೇರಿಸ್ಕೊಂಡು ಬಿಡ್ತಾರೆ, ಪೋರ್ಟಿಕೋನ ಪೂರ್ತಿ ಚದರ ಹಿಡೀತಾರೆ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಹಿಡೀತಾರೆ, ನಮ್ಮ ಮೇಸ್ತ್ರಿ ಸಜ್ಜಾನೂ ಅಳೆದಿದ್ದ, ನಮ್ಮ ಒಂಬತ್ತೂವರೆ ಚದರದ (ಒಂದು ಚದರ ಅಂದ್ರೆ ನೂರು ಚದರಡಿ) ಮನೆ ಅವನ ಬುಕ್ಕಲ್ಲಿ ಹನ್ನೊಂದೂಕಾಲು ಚದರ ಆಗಿತ್ತು. ಅದ್ಕೆ ಪ್ಲಾನ್ ಶೀಟ್ ಮುಂದೆ ಇಟ್ಕೊಂಡು ಯಾವುದು ಪೂರ್ತಿ, ಯಾವುದು ಅರ್ಧ, ಯಾವುದು ಇಲ್ಲ ಅಂತ ಪೆನ್ನಲ್ಲಿ ಗುರುತು ಹಾಕಿ ಇಬ್ರೂ ಸಹಿ ಮಾಡಿ. ಸ್ಟೀಲ್ ಯಾವುದು, ಸಿಮೆಂಟ್ ಯಾವುದು, ವೈರ್ ಯಾವುದು, ಬಾಗಿಲಿಗೆ ಯಾವ ಮರ, ಟೈಲ್ಸ್ ಅಡಿಗೆ ಎಷ್ಟು ರೂಪಾಯಿ ತನಕ, ಎಲ್ಲಾ ಬರ್ಸಿ. ನಿಮ್ಮ ಕಡೆ ಆಳದ ಪಾಯ ಬೇಕು ಅಂತಿದಾರಲ್ಲ, ಐದಡಿಗಿಂತ ಕೆಳಗೆ ಹೋದ್ರೆ ಎಕ್ಸ್‌ಟ್ರಾ ಎಷ್ಟು ಅಂತ ಈಗ್ಲೇ ಮಾತಾಡ್ಕೊಳ್ಳಿ, ಗುಂಡಿ ತೋಡಿದ ಮೇಲೆ ಕೇಳಿದ್ರೆ ಅವರು ಹೇಳಿದ್ದೇ ರೇಟು.

ನಾವು ಲೇಬರ್ ಕಾಂಟ್ರಾಕ್ಟ್ ಕೊಟ್ಟಿದ್ವಿ. ತಪ್ಪು ನಂದೇ, ಅವನು ಮಗಳ ಮದುವೆ ಅಂದ, ಹಬ್ಬ ಅಂದ, ಕೇಳಿದಾಗೆಲ್ಲ ಕೊಟ್ಟೆ. ಲಿಂಟಲ್ (ಬಾಗಿಲು ಕಿಟಕಿ ಮೇಲಿನ ತೊಲೆ) ಮುಟ್ಟೋ ಹೊತ್ತಿಗೆ ಲೆಕ್ಕ ನೋಡಿದ್ರೆ ನೂರಕ್ಕೆ ಎಪ್ಪತ್ತು ಹೋಗ್ಬಿಟ್ಟಿತ್ತು, ಆಮೇಲೆ ಅವನು ಇನ್ನೊಂದು ಕಡೆ ಕೆಲ್ಸ ಹಿಡ್ದು ಹೋದೋನು ಎರಡೂವರೆ ತಿಂಗಳು ಪತ್ತೆ ಇಲ್ಲ, ಫೋನ್ ಮಾಡಿದ್ರೆ ನಾಳೆ ಅಕ್ಕ ನಾಳೆ ಅಕ್ಕ. ಹೊಸ ಮೇಸ್ತ್ರಿ ಬಂದವನು ಹಳೇ ಕೆಲಸಕ್ಕೆ ಕೈ ಹಾಕೋಕೆ ಡಬಲ್ ಕೇಳ್ದ. ದುಡ್ಡು ಯಾವಾಗ್ಲೂ ಕೆಲಸಕ್ಕಿಂತ ಒಂದು ಹೆಜ್ಜೆ ಹಿಂದೆ ಇರ್ಬೇಕು, ವಾರಕ್ಕೆ ಆಳಿನ ಬಟವಾಡೆಗೆ ಬೇಕಾದಷ್ಟು ಕೊಡಿ, ಉಳಿದಿದ್ದು ಪ್ಲಿಂತ್, ಲಿಂಟಲ್, ಮೋಲ್ಡ್ (ಸ್ಲ್ಯಾಬ್), ಪ್ಲಾಸ್ಟರ್ ಅಂತ ಹಂತಕ್ಕೆ. ಬ್ಯಾಂಕಿನವ್ರೂ ಲೋನ್ ಹಂತ ಹಂತವಾಗಿ, ಕೆಲಸ ನೋಡಿನೇ ಬಿಡೋದು, ಅವರಿಗಿರೋ ಬುದ್ಧಿ ನನಗಿರಲಿಲ್ಲ ಅಷ್ಟೇ. ಮೊದಲಿನ ಪಾಯದ ದುಡ್ಡು ಕೈಯಿಂದ್ಲೇ ಹಾಕ್ಬೇಕಾಗತ್ತೆ, ಅದನ್ನ ಬೇರೆ ಇಟ್ಟಿರಿ.

ಆದ್ರೂ ನನ್ನ ಕೇಳಿದ್ರೆ ಲೇಬರೇ ವಾಸಿ, ಸಾಮಾನು ನಮ್ಮ ಕಣ್ಣ ಮುಂದೆ ಬರತ್ತೆ. ಕಂಬಿ ಬಂದಾಗ ಒಂದೇ ಒಂದು ಕಂಬಿ ತೂಗಿಸಿ ನೋಡಿ. ಕಂಬಿ ದಪ್ಪ ಎಷ್ಟು ಎಂಎಂ ಇದ್ಯೋ ಅದನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಒಂದು ಮೀಟರಿನ ತೂಕ ಬರತ್ತೆ. 12 ಎಂಎಂ ಕಂಬಿ ಪೂರ್ತಿ 12 ಮೀಟರ್ ಇದ್ರೆ ಹತ್ತು ಕೆಜಿ ಆರ್ನೂರು ಗ್ರಾಂ ಮೇಲೆ ತೂಗ್ಬೇಕು, 8 ಎಂಎಂ ಆದ್ರೆ ನಾಲ್ಕು ಮುಕ್ಕಾಲು ಕೆಜಿ ಹತ್ರ. ಸ್ವಲ್ಪ ಹೆಚ್ಚು ಕಮ್ಮಿ ಇರತ್ತೆ, ಆದ್ರೆ ಹನ್ನೆರಡರ ಕಂಬಿ ಒಂಬತ್ತೂವರೆ ಕೆಜಿ ಬಂತು ಅಂದ್ರೆ ಲಾರಿ ವಾಪಸ್. ಸಿಮೆಂಟ್ ಚೀಲದ ಮೇಲೆ ಯಾವ ವಾರ ಯಾವ ವರ್ಷ ತಯಾರಾಗಿದ್ದು ಅಂತ ಹಾಕಿರ್ತಾರೆ, ಮೂರು ತಿಂಗಳು ದಾಟಿದ್ದು ಬೇಡ. ಮಳೆಗಾಲದಲ್ಲಿ ನೂರು ಚೀಲ ಒಟ್ಟಿಗೆ ತರಿಸಿ ಇಟ್ಕೋಬೇಡಿ, ನಂದು ಹದಿನಾಲ್ಕು ಚೀಲ ಕಲ್ಲಾಯ್ತು, ಈಗ ಬಟ್ಟೆ ಒಗೆಯೋ ಕಲ್ಲಿನ ಕೆಳಗೆ ಇದಾವೆ.

ಕರಣಿ ಕೈ (ಹಾವೇರಿ):

ಎಲ್ಲಾರೂ ಗೌಂಡಿ ಮ್ಯಾಲ ಬೀಳ್ತೀರಿ, ನಾನೂ ಗೌಂಡೀನ, ನನ್ನ ಮಾತೂ ಸ್ವಲ್ಪ ಕೇಳ್ರಿ. ಲೇಬರ್ ಕಾಂಟ್ರಾಕ್ಟಿನಾಗ ಮಾಲಕ್ರು ಮಾಡೂ ಆಟ ಯಾರೂ ಹೇಳಂಗಿಲ್ಲ. ಉಸುಕು ಸೋಮವಾರ ಬರತೈತಿ ಅಂತಾರ, ನಾ ಆರು ಆಳು ಕರಕೊಂಡು ಬಂದಿರ್ತೀನಿ, ಗುರುವಾರ ಬರತೈತಿ, ಆ ಮೂರು ದಿನದ ಪಗಾರ ಯಾರ ಕೊಡಬೇಕು? ಲಿಂಟಲ್ ಆದ ಮ್ಯಾಲ ಯಾರೋ ವಾಸ್ತುದಾಂವ ಬಂದು ಅಡಗಿಮನಿ ಆಕಡೆ ಆಗಬೇಕು ಅಂದ್ರ ಗ್ವಾಡಿ ಒಡಸ್ತಾರ, ಮತ್ತ ರೇಟ್ ಮಾತ್ರ ಅದ. ವಾಸ್ತು ನೋಡಸೂದಿದ್ರ ಪ್ಲಾನ್ ಕಾಗದದ ಮ್ಯಾಲ ಇದ್ದಾಗ ನೋಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ.

ಜೆಇ ಸಾಹೇಬ್ರು ಹೇಳಿದ್ದು ಖರೆ ಐತ್ರಿ, ನಾನೂ ಮೊದಲ ನಾಕು ಫೂಟ್ ಪಾಯಾದ ಮಂದೀನ. ಎರಡು ಮನಿ ಒಡದ ಮ್ಯಾಲ ಬಿಟ್ಟೆ. ಆದ್ರ ಗೌಂಡಿ ಯಾಕ ನಾಕು ಅಂತಾನ ಗೊತ್ತೇನ್ರಿ, ಎಂಟು ಅಂದ್ರ ಮಾಲಕ್ರು ಬ್ಯಾರೆ ಗೌಂಡೀನ್ನ ಹುಡಕ್ತಾರ.

ಕಂಡಕ್ಟರ್ ಅಣ್ಣಾರ, ದಿನಾ ನಿಂದರಾಕ ಆಗಂಗಿಲ್ಲ ಅಂದ್ರೆಲ್ಲ, ದಿನಾ ಬ್ಯಾಡ್ರಿ. ಫುಟಿಂಗ್ ಕಾಂಕ್ರೀಟ್ ದಿನ, ಪ್ಲಿಂತ್ ಬೀಮ್ ದಿನ, ಸ್ಲ್ಯಾಬ್ ಹಿಂದಿನ ದಿನ ಮತ್ತ ಸ್ಲ್ಯಾಬ್ ದಿನ, ಇಷ್ಟಕ್ಕ ರಜಾ ಹಾಕ್ರಿ. ಸ್ಲ್ಯಾಬ್ ಹಿಂದಿನ ದಿನ ಇಂಜಿನಿಯರ್ ಬಂದು ರಾಡ್ ಚೆಕ್ ಮಾಡಿ ಸಹಿ ಹಾಕದ ಮಿಕ್ಸರ್ ಕರಸಬ್ಯಾಡ್ರಿ. ರಾಡಿನ ಕೆಳಗ ಕವರ್ ಬ್ಲಾಕ್ (ರಾಡ್ ಎತ್ತಿ ಹಿಡಿಯೂ ಸಿಮೆಂಟ್ ತುಂಡು) ಇಡ್ತಾರಿಲ್ಲ ನೋಡ್ರಿ, ಸ್ಲ್ಯಾಬಿಗೆ 20 ಎಂಎಂ, ಕಾಲಮ್ಮಿಗೆ 40, ಫುಟಿಂಗಿಗೆ 50. ಭಾಳ ಮಂದಿ ಖಡಿ ಚೂರು ಸಿಗಸ್ತಾರ, ಅದು ಜಾರಿ ರಾಡ್ ಹಲಗಿಗೆ ಹತ್ತಿ ಕುಂದರತೈತಿ, ಐದಾರು ವರ್ಷಕ್ಕ ತುಕ್ಕು ಹಿಡದು ಸ್ಲ್ಯಾಬಿನ ತಳಾ ಉದರತೈತಿ. ಸಜ್ಜಾದಾಗ, ಬಾಲ್ಕನ್ಯಾಗ ಮುಖ್ಯ ರಾಡ್ ಮ್ಯಾಲಿನ ಬದಿಗೆ ಇರಬೇಕು, ಕೆಳಗಲ್ಲ. ಆಳುಗೋಳು ಬುಟ್ಟಿ ಹೊತ್ಕೊಂಡು ಅದರ ಮ್ಯಾಲ ಅಡ್ಡಾಡಿ ತುಳದು ಕೆಳಗ ಒತ್ತಿಬಿಡ್ತಾರ, ಸೆಂಟ್ರಿಂಗ್ ತಗದ ದಿನ ಸಜ್ಜಾ ಬಾಗತೈತಿ. ಅಡ್ಡಾಡಾಕ ಹಲಗಿ ಹಾಸಸ್ರಿ.

ನೀರಿಂದು ಅಂತೂ ಕೇಳಬ್ಯಾಡ್ರಿ. ಮಿಕ್ಸರ್ ಹುಡುಗ ಜಲ್ದಿ ಹರೀಲಿ ಅಂತ ನೀರು ಸುರಿತಾನ, ಎತ್ತಿ ಹಾಕೂವ್ರಿಗೆ ಹಗರ ಆಗತೈತಿ. ಒಂದು ಚೀಲ ಸಿಮೆಂಟಿಗೆ 25 ಲೀಟರ್ ಹತ್ರ ಇರಲಿ, ಉಸುಕು ಹಸಿ ಇದ್ರ ಇನ್ನೂ ಕಮ್ಮಿ. ಅಳತಿ ಬಕೆಟ್ ಇಟ್ಟು ಮನ್ಯಾವ್ರನ್ನ ಅಲ್ಲೇ ಕುರ್ಚಿ ಹಾಕಿ ಕುಂದರಸ್ರಿ, ಅಕ್ಕಾರು ನೋಡಾಕತ್ತಾರ ಅಂದ್ರ ಯಾವ ಹುಡುಗನೂ ಹೆಚ್ಚ ಹಾಕಂಗಿಲ್ಲ. ಮತ್ತ ಮಧ್ಯಾಹ್ನ ಊಟಾ ಛಲೋ ಮಾಡಸ್ರಿ, ಸ್ಲ್ಯಾಬ್ ದಿನ ಹೋಳಗಿ ಹಾಕಿದ ಮನಿ ಕೆಲಸಾ ಬ್ಯಾರೇನ ಇರತೈತಿ, ಇದನ್ನ ಯಾವ ಇಂಜಿನಿಯರೂ ಬರಕೊಡಂಗಿಲ್ಲ.

ತೀರ್ಥಹಳ್ಳಿ ಮಳೆ:

ನಿಮ್ದು ಕೆಳಗಿನ ನೀರಿನ ಕಥೆ, ನಮ್ದು ಮೇಲಿನ ನೀರಿನ ಕಥೆ. ಸಮತಟ್ಟು ಆರ್‌ಸಿಸಿ ಹಾಕ್ಸಿ ಮೂರು ಮಳೆಗಾಲ ಸೋರಿ ಕೊನೆಗೆ ಅದರ ಮೇಲೆ ಶೀಟ್ ಹೊದೆಸಿದ್ವಿ, ಊರಲ್ಲಿ ಎಲ್ರೂ ಅದನ್ನೇ ಮಾಡಿರೋದು. ಒಂದೇ ಮಾತು, ಬಾತ್‌ರೂಮ್ ಟೈಲ್ಸ್ ಹಾಕೋಕೆ ಮುಂಚೆ ವಾಟರ್‌ಪ್ರೂಫ್ ಮಾಡ್ಸಿ ಎರಡು ದಿನ ಪೂರ್ತಿ ನೀರು ನಿಲ್ಸಿ ನೋಡಿ. ನಿಮ್ಮ ಕಡೆ ಬಚ್ಚಲು ಸೋರಿದ್ರೆ ಬರೀ ಗೋಡೆ ಒದ್ದೆ ಆಗಲ್ಲ, ಪಾಯದ ಮಣ್ಣೇ ಉಬ್ಬತ್ತಲ್ಲ.

ಹಳೇ ಜೆಇ (ಧಾರವಾಡ):

ತೀರ್ಥಹಳ್ಳಿಯವ್ರು ಸರಿಯಾದ ಮಾತು ಹೇಳಿದ್ರು. ಬಚ್ಚಲ ನೀರು, ಟ್ಯಾಂಕ್ ಓವರ್‌ಫ್ಲೋ, ಮಾಳಗಿ ನೀರು, ಯಾವುದೂ ಗ್ವಾಡಿ ಬುಡಕ್ಕ ಬೀಳಬಾರದು. ಮನಿ ಸುತ್ತ ನಾಕೈದು ಫೂಟ್ ಅಗಲ ಕಾಂಕ್ರೀಟ್ ಕಟ್ಟಿ ಹೊರಗ ಇಳಿಜಾರು ಮಾಡಿ ಹಾಕಸು. ಇಂಗುಗುಂಡಿ ಕಾಂಪೌಂಡ್ ದಂಡಿಗೆ, ಮನಿಯಿಂದ ಎಷ್ಟ ದೂರ ಆಗತೈತೋ ಅಷ್ಟ ದೂರ. ಗಿಡಾ ಹಚ್ಚೂದಿದ್ರ ಬೇವು, ಹುಣಸಿ ಅಂಥವನ್ನ ಗ್ವಾಡಿ ಹತ್ರ ಬ್ಯಾಡ, ಬ್ಯಾಸಗ್ಯಾಗ ಬೇರು ಮನಿ ಕೆಳಗಿನ ತೇವ ಹೀರಿ ಆ ಬದಿ ಕುಸಿಯೂ ಹಂಗ ಮಾಡತೈತಿ.

ಗದಗಿನಾಂವ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ, ಬಸ್ಸಿನ್ಯಾಗ ಕುಂತು ಎರಡೆರಡು ಸಲ ಓದ್ದೆ. ಎರಡು ಕೇಳೂದೈತಿ. ಲೇಔಟಿನ ಬೋರ್ ನೀರು ಸವಳು, ಬಾಯಾಗ ಹಾಕಾಕ ಬರಂಗಿಲ್ಲ, ಅದರಾಗ ಕಾಂಕ್ರೀಟ್ ಕಲಸಬಹುದೇನ್ರಿ? ಮತ್ತ ಕ್ಯೂರಿಂಗ್, ಅಂದ್ರ ಕಾಂಕ್ರೀಟಿಗೆ ನೀರು ಹೊಡ್ಯೂದು, ಎಷ್ಟು ದಿನ, ಒಬ್ಬಾಂವ ಏಳು ಅಂತಾನ ಒಬ್ಬಾಂವ ಇಪ್ಪತ್ತೊಂದು ಅಂತಾನ.

ಹಳೇ ಜೆಇ (ಧಾರವಾಡ):

ಬಾಟಲಿ ತುಂಬಿ ನೀರಿನ ಲ್ಯಾಬಿಗೆ ಕೊಡು. ರಾಡ್ ಇರೂ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಐಎಸ್ 456, ಅಂದ್ರ ಕಾಂಕ್ರೀಟಿನ ನಿಯಮದ ಪುಸ್ತಕದಾಗ ಐತಿ. ದಾಟಿತ್ತಂದ್ರ ಕಲಸಾಕ ಸಿಹಿನೀರಿನ ಟ್ಯಾಂಕರ್ ತರಿಸು, ಸ್ಲ್ಯಾಬಿಗೆ ಹೊಡ್ಯೂದಕ್ಕೂ ಅದ ಇರಲಿ, ಉಪ್ಪು ರಾಡನ್ನ ಒಳಗಿಂದೊಳಗ ತಿಂತೈತಿ. ಕ್ಯೂರಿಂಗ್ ಅಂದ್ರ ಅದ ಪುಸ್ತಕದಾಗ ಸಾದಾ ಓಪಿಸಿ ಸಿಮೆಂಟಿಗೆ ಕಮ್ಮೀತ ಕಮ್ಮಿ 7 ದಿನ, ಪಿಪಿಸಿ ಅಂದ್ರ ಹಾರುಬೂದಿ ಸೇರಿದ್ದಕ್ಕ 10, ಒಣ ಬಿಸಲಿದ್ರ ಅದು 14 ಆಗತೈತಿ. ಗದಗಿನ ಏಪ್ರಿಲ್ ಬಿಸಲಿಗೆ ನೀ 14 ಹಿಡಿ. ಸ್ಲ್ಯಾಬಿನ ಕೆಳಗಿನ ಆಸರಿ ಕಂಬ ಹದಿನೈದು ಫೂಟ್ ಒಳಗಿನ ಕೋಣಿಗೆ ಓಪಿಸಿ ಲೆಕ್ಕದಾಗ 7 ದಿನ, ಅದಕ್ಕಿಂತ ದೊಡ್ಡದಕ್ಕ 14 ಅಂತೈತಿ, ಆರು ಮೀಟರ್ ಒಳಗಿನ ಬೀಮಿಗೆ 14. ಪಿಪಿಸಿ ನಿಧಾನ ಬಲಿತೈತಿ, ಅವಸರ ಮಾಡಬ್ಯಾಡ, ನಿನ್ನ ಇಂಜಿನಿಯರ್ ಹೂಂ ಅನ್ನೂ ತನಕ ಒಂದು ಕಂಬಾನೂ ತಗೀಬಾರದು.

ಕಲ್ಪತರು ನಾಡಿನವಳು:

ಸ್ಲ್ಯಾಬ್ ಮೇಲೆ ಮಣ್ಣಲ್ಲಿ ಸಣ್ಣ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸ್ಬಿಡಿ, ಕೆಲ್ಸ ಸಲೀಸು. ಕಾಲಮ್ಮಿಗೆ ಮಾತ್ರ ನೀರು ನಿಲ್ಲಲ್ಲ, ಗೋಣಿಚೀಲ ಸುತ್ತಿ ದಾರ ಕಟ್ಟಿ ಒದ್ದೆ ಮಾಡ್ತಾ ಇರ್ಬೇಕು, ಎಲ್ರೂ ಮರೆಯೋದು ಕಾಲಮ್ಮನ್ನೇ. ನಾನು ಬೆಳಿಗ್ಗೆ ಐದೂವರೆಗೆ ಹೋಗಿ ಪೈಪ್ ಹಿಡೀತಿದ್ದೆ, ಆಮೇಲೆ ಮಕ್ಕಳ ಟಿಫನ್ನು. ವಾಚ್‌ಮನ್ನಿಗೆ ಹೇಳಿದ್ರೆ ನೆಲ ಒದ್ದೆ ಮಾಡಿ ಆಯ್ತು ಅಕ್ಕ ಅಂತಿದ್ದ.

ಗದಗಿನಾಂವ (ಮೂರು ವಾರದ ಮ್ಯಾಲ):

ಗುಂಡಿ ತಗಸಿದ್ವಿರಿ. ಮುಂದಿನ ಮೂಲ್ಯಾಗ ಆರೂವರಿ ಫೂಟಿಗೆ ಗರಸು ಹತ್ತಿತು, ಹಿಂದಿನ ಮೂಲ್ಯಾಗ ಎಂಟಕ್ಕ. ಒಂದ ಪ್ಲಾಟಿನಾಗ ಒಂದೂವರಿ ಫೂಟ್ ಫರಕ್ ನೋಡ್ರಿ, ತೋಡದ ಇದ್ರ ಗೊತ್ತಾಗ್ತಿರಲಿಲ್ಲ. ಇಲ್ಲಿನ ಒಬ್ರು ಸ್ಟ್ರಕ್ಚರಲ್ ಇಂಜಿನಿಯರ್‌ರ ಕಡೆ ಹೋದೆ, ಎರಡೂ ಕಡೆ ಗರಸಿನ ತನಕ ಇಳದು ಹನ್ನೆರಡು ಕಾಲಂ ಹಾಕೂಣು, ಪೈಲ್ ಬ್ಯಾಡ ಅಂದ್ರು, ಪ್ಲಿಂತ್ ಬೀಮ್ ಕೆಳಗ ಸಂದು ಬಿಡೂದು ಡ್ರಾಯಿಂಗಿನಾಗ ಬರಕೊಟ್ರು. ನೀರು ಟೆಸ್ಟಿಗೆ ಕೊಟ್ಟಿದ್ದು ಫೇಲ್ ಆತು, ಟ್ಯಾಂಕರ್ ಮಾತಾಡೇನಿ.

ಪಾಯಾಕ್ಕ ಅಂದಾಜಿಗಿಂತ ಭಾಳ ಹೆಚ್ಚಾಗಾಕತ್ತೈತಿ, ಅದಕ್ಕ ಪಿಓಪಿ ಸೀಲಿಂಗ್ ಕ್ಯಾನ್ಸಲ್, ಮುಂದಿನ ಎಲಿವೇಶನ್ ಡಿಸೈನ್ ಕ್ಯಾನ್ಸಲ್, ಗ್ರಾನೈಟ್ ಬರೇ ಅಡಗಿಕಟ್ಟಿಗೆ, ಕಾಂಪೌಂಡ್ ಮುಂದಿನ ವರ್ಷ, ಸದ್ಯ ತಂತಿ ಬೇಲಿ. ಹೆಂಡತಿ ಒಪ್ಪ್ಯಾಳ, ಸೀಲಿಂಗ್ ಬಿಟ್ಟಿದ್ದಕ್ಕ ಎರಡು ದಿನ ಮಾತಾಡಲಿಲ್ಲ ಅಷ್ಟ. ಲೇಬರ್ ಕಾಂಟ್ರಾಕ್ಟ್ ನಮ್ಮ ಗೌಂಡಿಗೇ ಕೊಟ್ಟೇನಿ. ಎಂಟು ಫೂಟ್ ಕೇಳಿ ಮೊದಲ ಮಾರಿ ಸಣ್ಣ ಮಾಡ್ದ, ಆಳಕ್ಕ ಬ್ಯಾರೆ ರೇಟ್ ಅಂತ ಕಾಗದದಾಗ ಬರದ ಮ್ಯಾಲ ನಕ್ಕ. ಕರಣಿ ಕೈ ಅಣ್ಣಾರ ಹೇಳಿದ್ದು ಖರೇನ ಐತಿ, ಅಂವಾ ನಾಕು ಅಂದಿದ್ದು ನಾ ಓಡಿ ಹೋಗಬಾರದಂತ.

ಗುಂಡಿ ತಗಿಯೂ ದಿನ ಬಾಜೂ ಮನ್ಯಾವ್ರು ಬಂದು ದಂಡಿಮ್ಯಾಲ ನಿಂತು ಭಾಳ ಹೊತ್ತು ನೋಡಿದ್ರು. ಆಮ್ಯಾಲ ಕೈ ತಮ್ಮ ಎದಿ ಮಟ್ಟಕ್ಕ ಹಿಡದು, ನಮ್ದು ಇಷ್ಟ ಐತ್ರಿ ಅಂದ್ರು. ಜೆಇ ಸಾಹೇಬ್ರ, ಅವರ ಮನಿಗೆ ಈಗ ಏನರೆ ಮಾಡಾಕ ಬರತೈತೇನ್ರಿ? ವರ್ಷಾ ಪುಟ್ಟಿ ತುಂಬಿ ಬಣ್ಣಾ ಹಚ್ಚಸ್ತಾರ, ವರ್ಷಾ ಒಡೀತೈತಿ.

ಹಳೇ ಜೆಇ (ಧಾರವಾಡ):

ಬರತೈತಿ, ಪೂರಾ ಅಲ್ಲ. ಈ ವರ್ಷ ಪುಟ್ಟಿ ತುಂಬಬ್ಯಾಡ್ರಿ ಅನ್ನು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರಿ ಎಳದು ತಾರೀಖು ಬರೀಲಿ, ಎರಡು ತಿಂಗಳಿಗೊಮ್ಮಿ ನೋಡ್ಲಿ. ಮಳ್ಯಾಗ ಒಂದು ಅಗಲ, ಬ್ಯಾಸಗ್ಯಾಗ ಒಂದು ಅಗಲ ಆಗಿ ಅಲ್ಲೇ ಆಡಾಕತ್ತಿದ್ರ ಸುತ್ತಲಿನ ನೀರು ಬಂದ್ ಮಾಡೂದು, ಬಚ್ಚಲ ಪೈಪ್ ಸೋರತೈತೇನು ನೋಡೂದು, ನಾಕೂ ಕಡೆ ಕಾಂಕ್ರೀಟ್ ಕಟ್ಟಿ ಹಾಕೂದು, ಇಷ್ಟಕ್ಕ ಭಾಳಷ್ಟು ತಡೀತೈತಿ. ಗೆರಿ ದಾಟಿ ವರ್ಷದಿಂದ ವರ್ಷಕ್ಕ ಉದ್ದ ಆಗಾಕತ್ತಿದ್ರ, ಅಥವಾ ಬೀಮ್ ಕಾಲಮ್ಮಿಗೂ ಬಿರುಕು ಬಂದಿದ್ರ, ತಡಾ ಮಾಡದ ನಿನ್ನ ಇಂಜಿನಿಯರ್‌ರನ್ನ ಅವರ ಮನಿಗೂ ಕರಕೊಂಡು ಹೋಗು. ಗ್ವಾಡಿಗೆ ಹತ್ತಿ ಬೇವಿನಂಥ ಗಿಡಾ ಏನರೆ ಐತೇನು ಕೇಳು.

ಗದಗಿನಾಂವ:

ಬಚ್ಚಲ ಬದಿಗೆ ನುಗ್ಗಿ ಗಿಡಾ ಐತ್ರಿ. ಎರಡು ಫೂಟಿನ್ಯಾಗ.